ರಿಗ್ರೆಷನ್

ಗ್ರಾಫ್ ಹಾಳೆಯ ಮೇಲೆ ಚದುರಿದ ಚುಕ್ಕಿಗಳ ನಡುವೆ, ಎಲ್ಲಕ್ಕೂ ಆದಷ್ಟು ಹತ್ತಿರವಾಗಿ ಹಾಯುವ ಗೆರೆಗೆ ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಷನ್ ರೇಖೆ ಎಂದು ಹೆಸರು. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಹಿಂದಕ್ಕೆ ಹೋಗುವುದು ಎಂದರ್ಥ. ಗೆರೆ ಎಳೆಯುವುದಕ್ಕೂ ಹಿಂದೆ ಹೋಗುವುದಕ್ಕೂ ಏನು ನಂಟು?

ನಂಟು ಬೆಸೆದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರವನ್ನು ಅವನು ಕಲೆಹಾಕಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರದಕ್ಕೆ ಸರಿಹೊಂದಿಸಿದ. ಅಪ್ಪ ಅಮ್ಮನ ಸರಾಸರಿ ಎತ್ತರ ಎಲ್ಲರ ಸರಾಸರಿಗಿಂತ ಮೂರಂಗುಲ ಹೆಚ್ಚಿದ್ದರೆ, ಅಂಥವರ ಮಕ್ಕಳದು ಸುಮಾರು ಎರಡೇ ಅಂಗುಲ ಹೆಚ್ಚು. ಕುಳ್ಳರ ಮಕ್ಕಳೂ ಅಷ್ಟೇ, ನಡುಮಟ್ಟದತ್ತ ಸರಿಯುತ್ತಿದ್ದರು. ಈ ಸರಿಯುವಿಕೆಯನ್ನೇ ಅವನು 1886ರ ಲೇಖನದಲ್ಲಿ ರಿಗ್ರೆಷನ್ ಎಂದ.

ಅಂದರೆ ಹೆಸರು ಅಂಟಬೇಕಿದ್ದುದು ಆ ಒಂದು ಸಂಗತಿಗೆ. ಅಂಟಿದ್ದು ಅದನ್ನು ತೋರಿಸುವ ಗೆರೆಗೆ! ಗೆರೆಯ ಲೆಕ್ಕವಾದರೋ ಇನ್ನೂ ಹಳೆಯದು. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗಿದೆ ಎಂದು ಅಳೆದು, ಆ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆಯನ್ನು ಕೂರಿಸುವ ಈ ಕನಿಷ್ಠ ವರ್ಗ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲೇ ಪ್ರಕಟಿಸಿದ್ದ, ಅದೂ ಧೂಮಕೇತುಗಳ ಪಥ ಕಂಡುಹಿಡಿಯುವ ಪುಸ್ತಕದಲ್ಲಿ.

ಈಗ ಮಳೆ-ಇಳುವರಿಯ ಲೆಕ್ಕಕ್ಕೂ ಮನೆ ಬೆಲೆಯ ಅಂದಾಜಿಗೂ ಇದೇ ಪದ. ಅಲ್ಲಿ ಯಾವುದೂ ಹಿಂದಕ್ಕೆ ಹೋಗಬೇಕಿಲ್ಲ. ಪಾಠ ಹೇಳುವವರು ಮೊದಲು ‘ಹೊಂದುವ ಗೆರೆ’ ಎಂದು ಹೇಳಿಕೊಟ್ಟು, ಆಮೇಲೆ ರಿಗ್ರೆಷನ್ ಅನ್ನಲಿ.