ನೂರು ಪಿನ್ನುಗಳ ಒಪ್ಪಂದ



ಇಂದು ಕಂಪ್ಯೂಟರ್ ಎಂದರೆ ಅಂಗಡಿಯಿಂದ ಕೊಂಡು ತರುವ ವಸ್ತು. ಅದನ್ನು ಹವ್ಯಾಸಿಗಳು ಮನೆಯಲ್ಲೇ ಕುಳಿತು ಕಟ್ಟುತ್ತಿದ್ದ ಕಾಲವೊಂದಿತ್ತು ಎಂಬುದು ನಿಮಗೆ ಗೊತ್ತೇ?

1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ಎಡ್ ರಾಬರ್ಟ್ಸ್ ಅದರ ರೂವಾರಿ. ಬಿಡಿಭಾಗ ತರಿಸಿಕೊಂಡು ತಾವೇ ಬೆಸುಗೆ ಹಾಕಿ ಜೋಡಿಸುವವರಿಗೆ ಬೆಲೆ 400 ಡಾಲರಿಗೂ ಕಡಿಮೆ. ಕೀಲಿಮಣೆ ಇಲ್ಲ, ಪರದೆ ಇಲ್ಲ. ಮೆಮೊರಿ ಬರೀ 256 ಬೈಟ್. ಇಂಥ ಬಡ ಯಂತ್ರ ಚರಿತ್ರೆಯಲ್ಲಿ ಹೆಸರು ಪಡೆದದ್ದು ಹೇಗೆ?

ಉತ್ತರ ಅದರ ಒಳಗೇ ಇತ್ತು. ಪ್ರೊಸೆಸರಿಗೆ ಒಂದು ಬೋರ್ಡ್, ಮೆಮೊರಿಗೆ ಇನ್ನೊಂದು. ಎಲ್ಲವೂ 100 ಪಿನ್ನುಗಳ ಒಂದೇ ಬಗೆಯ ಕನೆಕ್ಟರಿನಲ್ಲಿ ಕೂರುತ್ತಿದ್ದವು. ಯಾವ ಪಿನ್ನಿನಲ್ಲಿ ವಿದ್ಯುತ್, ಯಾವುದರಲ್ಲಿ ಮಾಹಿತಿ ಎಂದು ತಿಳಿದವರು ಯಾರು ಬೇಕಾದರೂ ಹೊಸ ಬೋರ್ಡ್ ತಯಾರಿಸಬಹುದಿತ್ತು. ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ, ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಸೇರಿತು. ಮುಂದೆ ಆಪಲ್ ಕಂಪ್ಯೂಟರ್ ರೂಪಿಸಿದ ಸ್ಟೀವ್ ವೋಜ್ನಿಯಾಕ್ ಕೂಡ ಅಲ್ಲಿದ್ದರು. ಬೇರೆ ಕಂಪನಿಗಳೂ ಆಲ್ಟೇರಿನ ಜೋಡಣೆಯನ್ನೇ ಅನುಸರಿಸಿದವು. ಅದಕ್ಕೆ 'ಎಸ್-100' ಎಂಬ ಹೆಸರು ನಿಂತಿತು.

ಆದರೆ ಪಿನ್ನುಗಳ ಹಂಚಿಕೆ ಅವಸರದ್ದಾಗಿತ್ತು. ಒಂದಕ್ಕೊಂದು ತೊಂದರೆ ಕೊಡುವ ಸಂಕೇತಗಳು ಅಕ್ಕಪಕ್ಕದಲ್ಲೇ ಇದ್ದವು. ಒಬ್ಬರ ಬೋರ್ಡ್ ಇನ್ನೊಬ್ಬರ ಯಂತ್ರಕ್ಕೆ ಕೆಲವೊಮ್ಮೆ ಹೊಂದುತ್ತಿರಲಿಲ್ಲ. ಐಇಇಇ 696 ಎಂಬ ಅಧಿಕೃತ ಮಾನದಂಡ 1983ರಲ್ಲಿ ಬಂದಾಗ ತಡವಾಗಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿ ಆಗಲೇ ಮಾರುಕಟ್ಟೆ ಹಿಡಿದಿತ್ತು.

ಮೂವತ್ತು ವರ್ಷಗಳ ಬಳಿಕವೂ ಈ ಪಾಠ ಮರುಕಳಿಸಿತು. 2005ರಲ್ಲಿ ಇಟಲಿಯ ಇವ್ರೇಯಾದ ವಿನ್ಯಾಸ ಶಾಲೆಯಲ್ಲಿ, ವಿದ್ಯಾರ್ಥಿಗಳಿಗೆಂದೇ ಆರ್ಡುಯಿನೋ ಎಂಬ ಕಿರು ಬೋರ್ಡ್ ರೂಪುಗೊಂಡಿತು. ಅದರ ಮೇಲೆ 'ಶೀಲ್ಡ್' ಎಂಬ ಹೆಚ್ಚುವರಿ ಬೋರ್ಡುಗಳನ್ನು ಒಂದರ ಮೇಲೊಂದು ಪೇರಿಸಬಹುದು. ಅದರ 7 ಮತ್ತು 8ನೇ ಪಿನ್ನುಗಳ ನಡುವಿನ ಅಂತರ ಮಾತ್ರ ಉಳಿದವುಗಳಂತಿಲ್ಲ. ನಕ್ಷೆ ಬರೆಯುವಾಗ ಆದ ತಪ್ಪದು. ಸರಿಪಡಿಸಿದರೆ ಹಳೆಯ ಶೀಲ್ಡುಗಳು ಕೂರುವುದಿಲ್ಲ. ಹಾಗಾಗಿ ಆ ತಪ್ಪೇ ನಿಯಮವಾಗಿ ಉಳಿಯಿತು.

ನೀವೂ ಇಂಥ ಯಂತ್ರ ಕಟ್ಟಲು ಹೊರಟರೆ, ಬೆಸುಗೆ ಕಡ್ಡಿ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಪ್ರತಿ ಪಿನ್ನಿನ ಕೆಲಸ ಬರೆಯಿರಿ. ನಾಳೆಗೆಂದು ಕೆಲವನ್ನು ಖಾಲಿ ಬಿಡಿ. ಗೆಳೆಯರಿಗೆ ತೋರಿಸಿ, ತಪ್ಪು ಹುಡುಕಲು ಹೇಳಿ. ಕೆಟ್ಟ ಬೋರ್ಡನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹತ್ತು ಜನ ನಂಬಿ ನಡೆದ ಒಪ್ಪಂದವನ್ನು ಬದಲಿಸುವುದು ಕಷ್ಟ.