ಮುಂಬಾಗಿಲಿನಿಂದ ಬಂದ ಗಾಯಕಿ: ಲಿಯೊಂಟೀನ್ ಪ್ರೈಸ್

ಅಮೆರಿಕಕ್ಕೆ ಬಂದು ನೆಲೆಸಿದ ನಾವು ಈ ದೇಶದ ಹೆದ್ದಾರಿಗಳನ್ನೂ ವಿಶ್ವವಿದ್ಯಾಲಯಗಳನ್ನೂ ಬಲ್ಲಷ್ಟು ಇಲ್ಲಿಯ ಶಾಸ್ತ್ರೀಯ ಸಂಗೀತವನ್ನು ಬಲ್ಲೆವೆಂದು ಹೇಳುವಂತಿಲ್ಲ. ನಮ್ಮ ಸಮಾರಂಭಗಳಲ್ಲಿ ದಾಸರ ಪದಗಳು, ಭಾವಗೀತೆಗಳು ತಪ್ಪದೆ ಕೇಳಿಬರುತ್ತವೆ. ಆದರೆ ಆಪೆರಾ ಎಂದೊಡನೆ ನಮ್ಮಲ್ಲಿ ಅನೇಕರು ಟೆಲಿವಿಷನ್ನಿನ ಚಾನಲ್ ಬದಲಿಸಿಬಿಡುತ್ತೇವೆ. ಆ ಲೋಕದಲ್ಲಿ ತಲೆಯೆತ್ತಿ ನಡೆದ ಲಿಯೊಂಟೀನ್ ಪ್ರೈಸ್ ಅವರ ಬದುಕು ವಲಸೆ ಬಂದ ನಮಗೂ ತಿಳಿದಿರಬೇಕಾದದ್ದು.

ಆಪೆರಾ ಎಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಹಳೆಯ ಕಂಪನಿ ನಾಟಕಗಳನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ಹೆಣ್ಣುದನಿಗಳಲ್ಲಿ ಅತಿ ಎತ್ತರದ ಸ್ಥಾಯಿಯಲ್ಲಿ ಸಂಚರಿಸುವ ದನಿಗೆ ಸೊಪ್ರಾನೊ ಎಂದು ಹೆಸರು. ಮೈಕಿನ ಆಸರೆಯಿಲ್ಲದೆ, ಎದುರಿಗೆ ಕುಳಿತ ಹತ್ತಾರು ವಾದ್ಯಗಳ ಮೇಳವನ್ನು ದಾಟಿ, ಆ ದನಿ ಸಭಾಂಗಣದ ಕೊನೆಯ ಸಾಲನ್ನು ಮುಟ್ಟಬೇಕು. ಪ್ರೈಸ್ ಅವರದು ಅಂಥ ದನಿ. ಇಟಲಿಯ ಸಂಗೀತಕಾರ ವರ್ಡಿಯ ನಾಯಕಿಯರ ಪಾತ್ರಗಳಿಗೆ ಹೇಳಿ ಮಾಡಿಸಿದಂತಿತ್ತು.

ಪ್ರೈಸ್ ಹುಟ್ಟಿದ್ದು 1927ರ ಫೆಬ್ರುವರಿ 10ರಂದು, ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ. ತಂದೆ ಮರದ ಕಾರ್ಖಾನೆಯ ಕಾರ್ಮಿಕ, ತಾಯಿ ಸೂಲಗಿತ್ತಿ, ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದಾಕೆ. ಮಗಳಿಗೆ ಐದು ವರ್ಷವಾದಾಗ ಮನೆಯಲ್ಲಿದ್ದ ಗ್ರಾಮಫೋನನ್ನೇ ಮುಂಗಡವಾಗಿ ಕೊಟ್ಟು ಆ ಬಡ ದಂಪತಿಗಳು ಒಂದು ಪಿಯಾನೊ ತಂದರು. ಕಪ್ಪು ಜನರಿಗೆ ಶಾಲೆಯೂ ಬೇರೆ, ಬಸ್ಸಿನ ಸೀಟೂ ಬೇರೆ ಎಂದಿದ್ದ ಕಾಲವದು. ಮುಂದೆ ಬಾಲಕಿ ಜಾಕ್ಸನ್ ನಗರಕ್ಕೆ ಹೋಗಿ ಹೆಸರಾಂತ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರ ಕಛೇರಿ ಕೇಳಿದಳು. ತಾನೂ ಹಾಡಬೇಕೆಂಬ ಆಸೆ ಅಲ್ಲಿ ಬೇರೂರಿತು.

ಮುಂದೆ ಒಹಾಯೊದ ಕಾಲೇಜಿಗೆ ಸೇರಿದ್ದು ಸಂಗೀತ ಶಿಕ್ಷಕಿಯಾಗುವ ಗುರಿಯಿಟ್ಟುಕೊಂಡು. ದನಿಯ ಮಹತ್ವವನ್ನರಿತ ಗುರುಗಳು ಗಾಯನದ ಕಡೆಗೇ ತಿರುಗಿಸಿದರು. 1948ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಉಳಿದ ಖರ್ಚಿಗಾಗಿ ಖ್ಯಾತ ಗಾಯಕ ಪಾಲ್ ರೋಬ್ಸನ್ ಸಹಾಯಾರ್ಥ ಕಛೇರಿ ನಡೆಸಿಕೊಟ್ಟರು. ಲಾರೆಲ್ಲಿನ ಚಿಸಮ್ ಎಂಬ ಬಿಳಿಯ ಕುಟುಂಬವೂ ನೆರವಾಯಿತು. ಪ್ರೈಸ್ ಅವರ ಚಿಕ್ಕಮ್ಮ ಆ ಮನೆಯಲ್ಲಿ ಕೆಲಸಕ್ಕಿದ್ದರು. ಫ್ಲಾರೆನ್ಸ್ ಪೇಜ್ ಕಿಂಬಲ್ ಎಂಬ ಗುರು ದೊರೆತದ್ದು ಜೂಲಿಯಾರ್ಡಿನಲ್ಲಿಯೇ.

1952ರಲ್ಲಿ ಗರ್ಶ್‌ವಿನ್ ಅವರ 'ಪೋರ್ಗಿ ಅಂಡ್ ಬೆಸ್' ಆಪೆರಾದ ಬೆಸ್ ಪಾತ್ರದಿಂದ ಪ್ರೈಸ್ ಅಮೆರಿಕ, ಯೂರೋಪುಗಳ ರಸಿಕರಿಗೆ ಪರಿಚಿತರಾದರು. 1955ರಲ್ಲಿ ಎನ್‌ಬಿಸಿ ಟೆಲಿವಿಷನ್ ಪ್ರಸಾರ ಮಾಡಿದ 'ಟೋಸ್ಕಾ'ದ ನಾಯಕಿಯಾದಾಗ ದಕ್ಷಿಣದ ಕೆಲವು ಕೇಂದ್ರಗಳು ಆ ಕಾರ್ಯಕ್ರಮವನ್ನು ತೋರಿಸಲೇ ಇಲ್ಲ. 1950ರ ದಶಕದಲ್ಲೇ ಅಮೆರಿಕ ಸರ್ಕಾರದ ಆಶ್ರಯದಲ್ಲಿ ಭಾರತಕ್ಕೂ ಬಂದು ಹಾಡಿದ್ದರೆಂಬುದು ನಮಗೆ ಸಂತೋಷದ ಸಂಗತಿ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಕಪ್ಪು ಗಾಯಕರಿಗೆ ಬಾಗಿಲು ತೆರೆದದ್ದು 1955ರ ಜನವರಿಯಲ್ಲಿ, ಮರಿಯನ್ ಆಂಡರ್ಸನ್ ಅವರಿಂದ. ಆಗ ಅವರಿಗೆ 57 ವರ್ಷ. ದನಿಯ ಉಚ್ಛ್ರಾಯಕಾಲ ಕಳೆದಿತ್ತು. ಕೆಲವು ವರ್ಷಗಳ ನಂತರ ಪ್ರೈಸ್ ಅವರಿಗೂ ಕರೆ ಬಂತು. ಕೊಡಮಾಡಿದ ಪಾತ್ರ ವರ್ಡಿಯ ಐದಾ, ಈಜಿಪ್ಟಿನಲ್ಲಿ ದಾಸಿಯಾಗಿರುವ ಇಥಿಯೋಪಿಯದ ರಾಜಕುಮಾರಿ. ಎನ್‌ಬಿಸಿ ಆಪೆರಾದ ಪೀಟರ್ ಹರ್ಮನ್ ಆಡ್ಲರ್ ಇದನ್ನು ಒಪ್ಪಬೇಡವೆಂದರು. ಮೆಟ್‌ಗೆ ಕಾಲಿಡುವುದಾದರೆ ದಾಸಿಯಾಗಿ ಅಲ್ಲ, ಕುಲೀನ ನಾರಿಯಾಗಿಯೇ ಎಂಬುದು ಅವರ ನಿಲುವು. ದೇಶದ ಅತಿ ದೊಡ್ಡ ರಂಗಮಂದಿರದ ಕರೆಯನ್ನು ಪ್ರೈಸ್ ನಿರಾಕರಿಸಿದರು.

ನಿರಾಕರಿಸಿ ಸುಮ್ಮನೆ ಕೂರಲಿಲ್ಲ. 1958ರಲ್ಲಿ ಕಾರಾಯನ್ ಅವರ ನಿರ್ದೇಶನದಲ್ಲಿ ವಿಯೆನ್ನಾದಲ್ಲಿ, 1960ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಅದೇ ಐದಾ ಪಾತ್ರವನ್ನು ಹಾಡಿ ಮನ್ನಣೆ ಪಡೆದರು. ಕೊನೆಗೆ 1961ರ ಜನವರಿ 27ರಂದು ಮೆಟ್ ರಂಗವನ್ನೇರಿದ್ದು 'ಇಲ್ ಟ್ರೊವತೋರೆ'ಯ ಲಿಯೊನೋರಾ ಆಗಿ, ಸ್ಪೇನಿನ ಅರಮನೆಯ ಕುಲೀನ ಸ್ತ್ರೀಯಾಗಿ. ಆ ರಾತ್ರಿಯ ಕರತಾಡನ ಅರ್ಧ ಗಂಟೆಗೂ ಮೀರಿತೆಂಬುದು ಆಪೆರಾ ಇತಿಹಾಸದಲ್ಲಿ ದಾಖಲಾಗಿದೆ. ಐದಾ ಪಾತ್ರವನ್ನು ಅದೇ ರಂಗದಲ್ಲಿ ಮುಂದೆ ಹಾಡಿದರು, ಆದರೆ ತಾರೆಯಾಗಿ. 1966ರಲ್ಲಿ ಮೆಟ್ ಲಿಂಕನ್ ಸೆಂಟರಿನ ಹೊಸ ಕಟ್ಟಡಕ್ಕೆ ಬಂದಾಗ ಸ್ಯಾಮ್ಯುಯಲ್ ಬಾರ್ಬರ್ ಅವರ ಹೊಸ ಆಪೆರಾದಲ್ಲಿ ಕ್ಲಿಯೋಪಾತ್ರಳಾಗಿ ಉದ್ಘಾಟನೆಯ ರಾತ್ರಿ ಹಾಡಿದವರೂ ಪ್ರೈಸ್ ಅವರೇ.

1964ರಲ್ಲಿ ಅಧ್ಯಕ್ಷ ಜಾನ್ಸನ್ ಇವರಿಗೆ ಸ್ವಾತಂತ್ರ್ಯ ಪದಕವಿತ್ತು ಗೌರವಿಸಿದರು. ನಾಗರಿಕ ಹಕ್ಕುಗಳ ಕಾಯಿದೆಗೆ ಅವರು ಸಹಿ ಹಾಕಿದ್ದೂ ಅದೇ ವರ್ಷ. ಮರುವರ್ಷ ಅವರದೇ ಸಹಿ ಬಿದ್ದ ವಲಸೆ ಕಾಯಿದೆಯಿಂದಲೇ ನಮ್ಮ ವೈದ್ಯರು, ಎಂಜಿನಿಯರುಗಳು ಈ ನೆಲಕ್ಕೆ ಹೆಚ್ಚಿನ ಸಂಖ್ಯೆಯಲ್ಲಿ ಬರುವಂತಾಯಿತು. ನಾವು ಸುಲಭವಾಗಿ ದಾಟಿದ ಹೊಸ್ತಿಲನ್ನು ತಮ್ಮ ಹೋರಾಟದಿಂದ ಸವೆಸಿದವರು ಪ್ರೈಸ್ ಅವರ ಪೀಳಿಗೆಯವರೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕಾಗಿದೆ.

1985ರ ಜನವರಿ 3ರಂದು ಪ್ರೈಸ್ ಆಪೆರಾ ರಂಗಕ್ಕೆ ವಿದಾಯ ಹೇಳಿದರು. ಅಂದಿನ ಪಾತ್ರ ಐದಾ. ಮೂರನೆಯ ಅಂಕದಲ್ಲಿ, ನೈಲ್ ನದಿಯ ದಡದಲ್ಲಿ, ತಾಯ್ನಾಡನ್ನು ಇನ್ನೆಂದೂ ಕಾಣಲಾರೆನೆಂದು ಐದಾ ಹಂಬಲಿಸುವ ಹಾಡೊಂದಿದೆ. ಅದು ಮುಗಿದಾಗ ಜನ ನಿಮಿಷಗಟ್ಟಲೆ ಚಪ್ಪಾಳೆ ನಿಲ್ಲಿಸಲಿಲ್ಲ. ಟೆಲಿವಿಷನ್ ಮೂಲಕ ದೇಶವೆಲ್ಲ ಅದನ್ನು ಕಂಡಿತು. 2001ರ ಸೆಪ್ಟೆಂಬರ್ 11ರ ದುರಂತದ ಬಳಿಕ, ತಮ್ಮ 74ನೆಯ ವಯಸ್ಸಿನಲ್ಲಿ, ಮೃತರ ಸ್ಮರಣೆಗಾಗಿ ಕಾರ್ನೆಗಿ ಹಾಲಿನಲ್ಲಿ ಮತ್ತೊಮ್ಮೆ ಹಾಡಿದರು.

ಪರನಾಡಿನಲ್ಲಿ ಬಾಗಿಲು ತೆರೆದರೆ ಸಾಕು, ಯಾವ ಬಾಗಿಲಾದರೇನು ಎಂದು ನಮಗೂ ಅನಿಸುವುದುಂಟು. ಸಿಕ್ಕ ಅವಕಾಶವನ್ನು ಬಿಡುವುದಕ್ಕೆ ಎದೆಗಾರಿಕೆ ಬೇಕು. ಬಿಟ್ಟ ಮೇಲೆ ಇನ್ನಷ್ಟು ಸಾಧನೆ ಮಾಡುವುದಕ್ಕೆ ಅದಕ್ಕಿಂತ ಹೆಚ್ಚಿನದೇ ಬೇಕು. ಪ್ರೈಸ್ ಎರಡನ್ನೂ ಮಾಡಿದರು. ಅವರ ದನಿ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಈ ಬಾರಿ ಚಾನಲ್ ಬದಲಿಸದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೈಲ್ ದಡದ ಆ ಹಾಡನ್ನೊಮ್ಮೆ ಕೇಳೋಣ. ಇಟಾಲಿಯನ್ ಬಾರದಿದ್ದರೂ ಅದರ ಹಂಬಲ ಏನೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.