ಲ್ಯಾಕ್ಟೇಟ್: ಹೆಸರು ಹಾಲಿನದು, ಅಳತೆ ಓಟದ್ದು

ಕಾಶಿಯ ಗಲ್ಲಿಗಳಲ್ಲಿ ಮಣ್ಣಿನ ಕುಲ್ಹಡ್‌ನಲ್ಲಿ ಕೊಡುವ ಲಸ್ಸಿಯ ಹುಳಿಗೂ ಓಟಗಾರರ ರಕ್ತಪರೀಕ್ಷೆಗೂ ನಂಟು ಬೆಸೆದಿರುವ ಪದ ಲ್ಯಾಕ್ಟೇಟ್. ಲ್ಯಾಟಿನ್ನಿನಲ್ಲಿ ‘ಲ್ಯಾಕ್’ ಎಂದರೆ ಹಾಲು. 1780ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ ಹುಳಿಯಾದ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. 1906ರಲ್ಲಿ ಇದೇ ಕಾಶಿಯ ನಾಗರೀ ಪ್ರಚಾರಿಣೀ ಸಭೆ ಹಿಂದಿಯ ವೈಜ್ಞಾನಿಕ ಪದಕೋಶ ಪ್ರಕಟಿಸಿತು. ಆ ಪರಂಪರೆಯ ಜಾಡಿನಲ್ಲಿ ‘ದುಗ್ಧಾಮ್ಲ’ ಎನ್ನಬಹುದಲ್ಲ ಎಂದರೆ, ಮೂಲಾರ್ಥ ಉಳಿಯುತ್ತದೆ ನಿಜ. ಆದರೆ ದಣಿವಿಗೆ ಆಮ್ಲವೇ ಕಾರಣವೆಂಬ ಹಳೆಯ ತಪ್ಪೂ ಉಳಿಯುತ್ತದೆ. ರಕ್ತದಲ್ಲಿರುವುದು ಬಹುಪಾಲು ಆಮ್ಲವಲ್ಲ, ಅದರ ಅಯಾನು ರೂಪವಾದ ಲ್ಯಾಕ್ಟೇಟ್. ಅದು ಕಸವಲ್ಲ, ಹೃದಯವೂ ಸ್ನಾಯುಗಳೂ ಉರಿಸುವ ಇಂಧನ.

ಇಂಧನವೇ ಆದರೆ ಅಳೆಯುವುದೇಕೆ? ಓಟದ ವೇಗವನ್ನು ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಕಿವಿಯ ಹಾಲೆಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ವಿಶ್ರಾಂತಿಯಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಇದ್ದದ್ದು, ಉತ್ಪತ್ತಿ ಬಳಕೆಯನ್ನು ಮೀರಿದಾಗ ಸರ್ರನೆ ಏರುತ್ತದೆ. ಆ ತಿರುವೇ ‘ಲ್ಯಾಕ್ಟೇಟ್ ಹೊಸ್ತಿಲು’. ಅದನ್ನು 4 ಮಿಲಿಮೋಲ್ ಎಂದು ಎಲ್ಲರಿಗೂ ಗೆರೆ ಎಳೆಯಲಾಗದು ಎಂಬ ಆಕ್ಷೇಪ ಸರಿಯೇ. ಅದು ಆಳಿನಿಂದ ಆಳಿಗೆ ಬೇರೆ. ಆದರೆ ಒಬ್ಬರದೇ ಹೊಸ್ತಿಲು ತರಬೇತಿಯಿಂದ ಹೆಚ್ಚಿನ ವೇಗದತ್ತ ಸರಿದರೆ, ತಾಳಿಕೆ ಬೆಳೆದಿದೆ ಎಂದೇ ಅರ್ಥ. ಹಾಲಿನ ಹೆಸರು ಹೊತ್ತ ಪದ ಹೇಳಬೇಕಾದದ್ದು ಹುಳಿಯನ್ನಲ್ಲ, ಈ ಕಸುವನ್ನು.